ರವಿವಾರದ ಓದುಕೂಟ: ಸಮಯದ ಬದಲಾವಣೆ ಮತ್ತು ಓದಿನ ಸಿದ್ಧತೆ

ಓದುಕೂಟದ ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ ರವಿವಾರ ಮುಂಬಯಿಯ ಮಧ್ಯ ರೈಲ್ವೆಯಲ್ಲಿ ಮೆಗಾ ಬ್ಲಾಕ್ (ದುರಸ್ತಿಗಾಗಿ ಹಗಲಿನ ಕೆಲವು ಗಂಟೆ ರೈಲು ಓಡಾಟದ ಕಡಿತ) ಇರುವುದರಿಂದ, ಠಾಣೆ, ಡೊಂಬಿವಲಿ ಕಡೆಯಿಂದ ಬರುವವರಿಗೆ ತೊಂದರೆಯಾಗದಿರಲೆಂದು, ಮಾಟುಂಗಾದ ನಮ್ಮ ಸಭೆಯನ್ನು ಬೆಳಿಗ್ಗೆ 11ರ ಬದಲು ಸಂಜೆ 6 ಗಂಟೆಗೆ ಇಟ್ಟುಕೊಳ್ಳಲಾಗಿದೆ.

ಚರ್ಚೆಗೆ ಆರಿಸಿರುವುದು ಸುಝಾನ್ ಕಾಲಿನ್ಸ್ ಅವರ 2008ರ ಕಾದಂಬರಿ ‘ದ ಹಂಗರ್ ಗೇಮ್ಸ್’. ಕತೆ ಸಿನಿಮಾದಿಂದ ಅನೇಕರಿಗೆ ಗೊತ್ತಿರುವುದರಿಂದ ಬರವಣಿಗೆಯ ಶೈಲಿಯನ್ನಷ್ಟೇ ನೋಡೋಣ. ಸಾವು-ಬದುಕಿನ ಆಟಕ್ಕೆ ಇಳಿಯಬೇಕಾಗುವ 16 ವರ್ಷದ ಕಥಾನಾಯಕಿ ಕ್ಯಾಟ್ನಿಸ್ ಎಲ್ಲವನ್ನೂ ‘ನಾನು’ ಎಂದೇ, ಅದೂ ವರ್ತಮಾನ ಕಾಲದಲ್ಲಿ ಹೇಳುವುದರಿಂದ, ಅವಳು ಬದುಕಿ ಉಳಿದು ಈ ಕತೆ ಹೇಳುತ್ತಿದ್ದಾಳೆಂಬ ಧೈರ್ಯ ಓದುವವರಿಗೆ ಸಿಗುವುದಿಲ್ಲ. ಮೊದಲ ಪುಟದಲ್ಲೇ, ನಿದ್ದೆಯಿಂದೆದ್ದವಳ ಬೆರಳುಗಳು ತಂಗಿಯ ಮೈಬಿಸುಪನ್ನು ಹುಡುಕಿ ಹಾಸಿಗೆಯ ಒರಟು ಬಟ್ಟೆಯನ್ನಷ್ಟೇ ಮುಟ್ಟುತ್ತವೆ. ಬಡತನ, ಅಕ್ಕರೆ, ಭಯ ಮೂರೂ ಯಾವ ವಿವರಣೆಯಿಲ್ಲದೆ ಬಂದುಬಿಡುತ್ತವೆ. (ಮುಂದೆ ಬರುವ ಉಡುಪಿನ ವರ್ಣನೆಗಳು ಮಾತ್ರ ನನಗೆ ತುಸು ಉದ್ದವೆನಿಸಿದವು.) ಲೇಖಕಿ ಮೊದಲು ಮಕ್ಕಳ ಟಿವಿ ಕಾರ್ಯಕ್ರಮಗಳಿಗೆ ಬರೆಯುತ್ತಿದ್ದವರು, ಅಧ್ಯಾಯಗಳ ಕೊನೆಯ ಸಾಲುಗಳಲ್ಲಿ ಆ ಪಳಗಿದ ಕೈ ಕಾಣುತ್ತದೆ, ಅವುಗಳಿಗೆ ಗುರುತು ಹಾಕಿಕೊಳ್ಳಿ.

ಒಟ್ಟು 27 ಅಧ್ಯಾಯಗಳಲ್ಲಿ ಮೊದಲ 9 ಓದಿ ಬಂದರೆ ಸಾಕು. ಕನ್ನಡದಲ್ಲಿ ‘ಓಡುತ್ತೇನೆ’ ಎಂದರೆ ನಾಳೆ ಓಡುವೆನೆಂಬ ಅರ್ಥವೂ ಬರುವುದರಿಂದ ಈ ವರ್ತಮಾನ ಕಾಲದ ಶೈಲಿ ನಮ್ಮ ಭಾಷೆಯಲ್ಲಿ ಹೇಗೆ ನಿಲ್ಲುತ್ತದೆಂದು ನೋಡಲು, ಪ್ರತಿಯೊಬ್ಬರೂ ತಮಗಿಷ್ಟವಾದ ಒಂದು ಪ್ಯಾರಾವನ್ನು ಕನ್ನಡಿಸಿ ತರಬೇಕಾಗಿ ವಿನಂತಿ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ. ನನ್ನ ಬಳಿ ಎರಡು ಪ್ರತಿಗಳಿವೆ. ಬೇಕಾದವರು ಕೇಳಿ ಪಡೆಯಬಹುದು.