ಊರ ಕೋಳಿಗೆ ಆಗದ ಪುಕ್ಕ ಕೀಳುವ ಯಂತ್ರ: ಬದಲಿಸಿ, ಇಲ್ಲವೇ ಹಣ ಮರಳಿಸಿ

ಬದಿಯಡ್ಕ, ಕಾಸರಗೋಡು ಜಿಲ್ಲೆ

ವ್ಯವಸ್ಥಾಪಕರು,
ಮಾರಾಟೋತ್ತರ ಸೇವಾ ವಿಭಾಗ ಇವರಿಗೆ

ಮಾನ್ಯರೇ,

ದೀಪಾವಳಿ ಕಳೆದ ಮೇಲೆ ನಿಮ್ಮಿಂದ ಡ್ರಮ್ ಮಾದರಿಯ ಪುಕ್ಕ ಕೀಳುವ ಯಂತ್ರ ತರಿಸಿಕೊಂಡಿದ್ದೇವೆ. ನಾವು ಸಾಕುವುದು ಹಿತ್ತಲಲ್ಲಿ ಬಿಟ್ಟು ಮೇಯಿಸುವ ಊರ ಕೋಳಿ. ದೈವಗಳಿಗೆ ಅಗೆಲು (ಕೋಳಿ ಪದಾರ್ಥದ ಎಡೆ) ಬಡಿಸುವ ಕಾಲದಲ್ಲಿ ಅಕ್ಕಪಕ್ಕದವರೂ ನಮ್ಮಿಂದಲೇ ಕೊಳ್ಳುತ್ತಾರೆ, ಶುಚಿ ಮಾಡಿಯೇ ಕೊಡಿ ಎನ್ನುತ್ತಾರೆ. ಊರ ಕೋಳಿಗೆ ಆಗುತ್ತದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿದ್ದೆ. ಎಲ್ಲ ಕೋಳಿಗೂ ಆಗುತ್ತದೆ ಎಂದಿರಿ. ಆಗುತ್ತಿಲ್ಲ.

ತಳದಲ್ಲಿ ತಿರುಗುವ ತಟ್ಟೆಗೂ ಡ್ರಮ್ಮಿಗೂ ನಡುವೆ ಹೆಬ್ಬೆರಳು ತೂರುವಷ್ಟು ಸಂದು ಇದೆ. ಬ್ರಾಯ್ಲರಿನ ದಪ್ಪ ಕಾಲು ಅಲ್ಲಿ ಸಿಗಲಿಕ್ಕಿಲ್ಲ. ನಮ್ಮ ಹೇಂಟೆಗಳ ಕಾಲು ಸಪೂರ. ಸಂದಿಗೆ ಸಿಕ್ಕಿ ಗಂಟಿನ ಹತ್ತಿರ ಮುರಿಯುತ್ತದೆ, ತೊಡೆಯ ಚರ್ಮ ಹರಿದು ಜೋಲುತ್ತದೆ. ಪುಕ್ಕ ಕೀಳುವ ರಬ್ಬರ್ ಬೆರಳುಗಳೂ ತೀರಾ ಗಟ್ಟಿ, ಉಗುರಿನಿಂದ ಒತ್ತಿದರೂ ತಗ್ಗುವುದಿಲ್ಲ. ಅವುಗಳ ತುದಿ ಸವೆದು ಕಪ್ಪು ಹುಡಿ ಮಾಂಸಕ್ಕೆ ಅಂಟುತ್ತದೆ. ಊರ ಕೋಳಿಯ ರುಚಿ ಇರುವುದೇ ಚರ್ಮದಲ್ಲಿ, ಅದರಡಿಯ ಹಳದಿ ನೆಣದಲ್ಲಿ. ಒಣ ತೆಂಗಿನ ಗರಿಯ ಸೂಟೆಯ ಬೆಂಕಿಗೆ ಹಿಡಿದು, ಅರಸಿನ ಹಚ್ಚಿ ತೊಳೆದು, ಚರ್ಮ ಸಮೇತ ಸುಕ್ಕಕ್ಕೆ ಹಾಕುವವರು ನಾವು. ಗಿಡುಗ, ಕೀರಿಗಳಿಂದ ತಿಂಗಳುಗಟ್ಟಲೆ ಕಾಪಾಡಿ ಬೆಳೆಸಿದ ಕೋಳಿಯನ್ನು ಹೀಗೆ ಹರಿದು ಕೈಗಿಟ್ಟರೆ ಹೊಟ್ಟೆ ಉರಿಯುತ್ತದೆ.

ಪುಕ್ಕ ಕೀಳುವ ಮೊದಲು ಕೋಳಿ ಅದ್ದುವ ನೀರು ಕುದಿಯಲಿ, ಆಗ ಸರಿಯಾಗುತ್ತದೆ ಎಂದು ನಿಮ್ಮ ಸೇವಾ ವಿಭಾಗದವರು ಹೇಳಿದರು. ಕುದಿಯುವ ನೀರಿಗೆ ಅದ್ದಿದರೆ ಚರ್ಮ ಬೆಂದು ಇನ್ನಷ್ಟು ಹರಿಯುತ್ತದೆ, ಇದು ಕೋಳಿ ಶುಚಿ ಮಾಡುವ ಯಾರಿಗೂ ಗೊತ್ತು. ನಾನು ಥರ್ಮಾಮೀಟರ್ ಇಟ್ಟು ಸುಮಾರು 65 ಡಿಗ್ರಿಯಲ್ಲಿ ಒಂದು ನಿಮಿಷ ಅದ್ದುತ್ತೇನೆ. ರೆಕ್ಕೆಯ ದೊಡ್ಡ ಗರಿಯೂ ಕೈಯಲ್ಲಿ ಸಲೀಸಾಗಿ ಕಿತ್ತು ಬರುತ್ತದೆ. ನೀರಿನ ಹದದಲ್ಲಿ ತಪ್ಪಿಲ್ಲ.

ಇದಕ್ಕಿಂತ ಭಯದ ವಿಷಯ ಕರೆಂಟಿನದು. ಒದ್ದೆ ಕೈಯಲ್ಲಿ ಡ್ರಮ್ ಮುಟ್ಟಿದಾಗ ಅತ್ತೆಯವರಿಗೆ ಶಾಕ್ ಹೊಡೆಯಿತು. ಎಲೆಕ್ಟ್ರಿಷಿಯನ್ ಬಂದು ನೋಡಿದರು: ಮನೆಯ ಅರ್ಥಿಂಗ್ ಸರಿಯಿದೆ, ನಿಮ್ಮ ಯಂತ್ರದ ಪ್ಲಗ್ಗಿನಿಂದ ಬಂದ ಅರ್ಥ್ ವಯರನ್ನು ಯಂತ್ರದ ಮೈಗೆ ಜೋಡಿಸಿಯೇ ಇಲ್ಲ. ನೀರು ಹೊಯ್ಯುತ್ತಾ ನಡೆಸುವ ಯಂತ್ರ ಇದು! ಅಂದಿನಿಂದ ಪ್ಲಗ್ ಕಿತ್ತಿಟ್ಟು ಕೈಯಲ್ಲೇ ಪುಕ್ಕ ಕೀಳುತ್ತಿದ್ದೇವೆ. ಇದೇ ಮಾದರಿ ಕೊಂಡ ಬೇರೆಯವರಿಗೆ ದಯವಿಟ್ಟು ಇಂದೇ ಎಚ್ಚರಿಕೆ ಕೊಡಿ.

ಸಂದು ಕಿರಿದಾದ, ಮೆತ್ತಗಿನ ಬೆರಳುಗಳ, ಅರ್ಥಿಂಗ್ ಸರಿಯಿರುವ ಯಂತ್ರವನ್ನು ನಿಮ್ಮ ಖರ್ಚಿನಲ್ಲೇ ಬದಲಿಸಿ ಕೊಡಿ, ನಿಮ್ಮವರೇ ಬಂದು ನಮ್ಮ ಕೋಳಿಯಲ್ಲಿ ನಡೆಸಿ ತೋರಿಸಲಿ. ಅಂಥದ್ದು ನಿಮ್ಮಲ್ಲಿ ಇಲ್ಲವಾದರೆ ಸಾಗಾಟದ ವೆಚ್ಚವೂ ಸೇರಿ ಪೂರ್ತಿ ಹಣ ಮರಳಿಸಿ. ಬಳಕೆಯ ಸೂಚನೆ ಕನ್ನಡದಲ್ಲಿರಲಿ, ಈಗ ಬಂದಿರುವುದು ಅತ್ತೆಯವರಿಗೆ ಓದಲಾಗದ ಇಂಗ್ಲಿಷಿನಲ್ಲಿದೆ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಂಡವರು ತಾವಿರುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಬಿಲ್ಲಿನ ಪ್ರತಿ, ಹರಿದ ಕೋಳಿಯ ಮತ್ತು ಬಿಚ್ಚಿದ ವಯರಿನ ಫೋಟೋಗಳನ್ನು ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕಿ
(ಹೆಸರು, ವಿಳಾಸ ಬಿಲ್ಲಿನಲ್ಲಿದ್ದಂತೆ)