ಹಗಲಲ್ಲೇ ಚಾರ್ಜ್ ಆಗಲಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗದಲ್ಲಿ ವಿದ್ಯುತ್ ಚಾಲಿತ ಸ್ಕೂಟರ್, ಆಟೊಗಳು ಹೆಚ್ಚುತ್ತಿದ್ದರೂ ಅವುಗಳನ್ನು ಹಗಲಿನಲ್ಲಿ ಚಾರ್ಜ್ ಮಾಡಲು ಸಾರ್ವಜನಿಕ ಸೌಲಭ್ಯ ಸಾಲದಾಗಿದೆ.

ಈ ವಾಹನಗಳು ಬೀದಿಯಲ್ಲಿ ಹೊಗೆ ಉಗುಳುವುದಿಲ್ಲ, ನಿಜ. ಆದರೆ ಬಹುತೇಕರು ಚಾರ್ಜ್‌ಗೆ ಹಾಕುವುದು ರಾತ್ರಿ ಮನೆಗೆ ಮರಳಿದ ಮೇಲೆ. ಆಗ ಸೌರವಿದ್ಯುತ್ ಇರುವುದಿಲ್ಲ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳನ್ನು ನೆಚ್ಚಬೇಕಾಗುತ್ತದೆ. ನಮ್ಮೂರಿನ ಹೊಗೆಯನ್ನು ರಾಯಚೂರು ಸ್ಥಾವರವಿರುವ ಶಕ್ತಿನಗರದ ಚಿಮಣಿಗೆ ಸಾಗಹಾಕಿದಂತಾಯಿತೇ ಹೊರತು ಪೂರ್ತಿ ನಿವಾರಿಸಿದಂತಾಗಲಿಲ್ಲ. ಊರ ಪಕ್ಕದ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ, ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಇಂಥ ಸೀಮೆಯಲ್ಲಿದ್ದೂ ಕಲ್ಲಿದ್ದಲಿನ ಕಡೆ ನೋಡುವುದು ವಿಚಿತ್ರ!

ಕೋಟೆ ಬುಡದ ಇಕ್ಕಟ್ಟಿನ ಓಣಿಗಳಲ್ಲಿ, ಮಹಡಿಯ ಬಾಡಿಗೆ ಮನೆಗಳಲ್ಲಿ ಇರುವವರ ಕಷ್ಟ ಇನ್ನೊಂದು ಬಗೆಯದು. ಕಿಟಕಿಯಿಂದ ವೈರು ಇಳಿಬಿಟ್ಟು ಚಾರ್ಜ್ ಮಾಡುವುದು ಮಳೆಗಾಲದಲ್ಲಿ ಅಪಾಯಕಾರಿ.

ಬಸ್ ನಿಲ್ದಾಣ, ಎಪಿಎಂಸಿ ಪ್ರಾಂಗಣ ಮತ್ತು ಸರ್ಕಾರಿ ಕಚೇರಿಗಳ ಆವರಣದಲ್ಲಿ ಸೌರಫಲಕದ ಚಾವಣಿಯುಳ್ಳ ಚಾರ್ಜಿಂಗ್ ತಾಣಗಳನ್ನು ನಗರಸಭೆ ಹಾಗೂ ಬೆಸ್ಕಾಂ ಜೊತೆಗೂಡಿ ನಿರ್ಮಿಸಬೇಕು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಅಲ್ಲಿ ದರ ಕಡಿಮೆ ಇರಲಿ. ದಿನವಿಡೀ ಓಡುವ ಆಟೊಗಳಿಗೆ ಮೊದಲ ಆದ್ಯತೆ ಕೊಡಲಿ.

– ಒಬ್ಬ ಓದುಗ, ಚಿತ್ರದುರ್ಗ