ನಮ್ಮ ಗುಂಪಿನ ಅಕ್ಕಂದಿರಿಗೂ ವಕೀಲರಿಗೂ ನನ್ನ ನಮಸ್ಕಾರ

ಕಳೆದ ವಾರ ಸಂಘದ ಸಾಲದ, ಅಂದರೆ ಮೈಕ್ರೋಫೈನಾನ್ಸ್ ಸಂಸ್ಥೆಯಿಂದ ನಾವು ಹೆಂಗಸರು ಗುಂಪಾಗಿ ಪಡೆದ ಸಣ್ಣ ಸಾಲದ, ಕೊನೆಯ ಕಂತು ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದೆ. ಬೈಸಿಕೊಂಡದ್ದು ಎಲ್ಲರೆದುರು. ಕೈಹಿಡಿದವರಿಗೆ ಕೃತಜ್ಞತೆಯನ್ನೂ ಎಲ್ಲರೆದುರೇ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ದಾವಣಗೆರೆಯ ಎಪಿಎಂಸಿಯಲ್ಲಿ ಹಮಾಲಿ. ಮೆಕ್ಕೆಜೋಳದ ಲೋಡು ಇಳಿಸುವಾಗ ಬಿದ್ದು ಸೊಂಟಕ್ಕೆ ಪೆಟ್ಟಾಯಿತು, ಕೂಲಿ ನಿಂತಿತು. ನನ್ನ ಹೊಲಿಗೆಯ ದುಡ್ಡು ಔಷಧಿಗೇ ಸಾಲುತ್ತಿರಲಿಲ್ಲ. ಕಂತು ತಪ್ಪಿದ ಮೇಲೆ ವಸೂಲಿಯವರು ಬೆಳಕು ಹರಿಯುವ ಮುನ್ನವೇ ಬಂದು ಜಗಲಿಯ ಮೇಲೆ ಕೂರತೊಡಗಿದರು. ಓಣಿಗೆಲ್ಲ ಕೇಳುವಂತೆ ಕೂಗಾಡಿದರು. ಹರಿಹರದಲ್ಲಿರುವ ತಂಗಿಯ ಮನೆಗೆ ರಾತ್ರಿ ಫೋನ್ ಮಾಡಿದರು. ಕಾಲೇಜಿಗೆ ಹೊರಟಿದ್ದ ಮಗಳನ್ನು ದಾರಿಯಲ್ಲಿ ತಡೆದು ಮಾತನಾಡಿದರು. ಉಳಿದದ್ದನ್ನೆಲ್ಲ ನುಂಗಿಕೊಂಡೆ, ಇದೊಂದನ್ನು ಇಂದಿಗೂ ಕ್ಷಮಿಸಿಲ್ಲ.

ಗುಂಪಿನ ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರ ಕುತ್ತಿಗೆಗೆ ಬರುತ್ತದೆ. ‘ಅವಳು ದುಡ್ಡು ಕೊಡುವವರೆಗೂ ಅವಳ ಬಾಗಿಲಲ್ಲಿ ಕೂತಿರಿ’ ಎಂದು ನಮ್ಮ ಗುಂಪಿನ ಹೆಂಗಸರನ್ನೇ ನನ್ನ ಮನೆಗೆ ಕಳಿಸಿದರು. ಯುಗಾದಿ ಹತ್ತಿರವಿತ್ತು, ಮಷಿನ್ ಪಕ್ಕದಲ್ಲಿ ರವಿಕೆಗಳ ರಾಶಿ ಬಿದ್ದಿತ್ತು. ಅವರ ಮುಖ ನೋಡಲಾಗದೆ ಒಳಗೇ ನಿಂತಿದ್ದೆ. ಎಲ್ಲರಿಗಿಂತ ಹಿರಿಯ ಅಕ್ಕ ಹೊಸ್ತಿಲು ದಾಟಿ ಬಂದು, ‘ಕೂರಲು ಹೇಳಿದ್ದಾರೆ, ಕೂರುತ್ತೇವೆ. ಸೂಜಿದಾರ ಕೊಡು’ ಎಂದರು. ಒಬ್ಬರು ಹುಕ್ಕು ಹಾಕಿದರು, ಒಬ್ಬರು ಸೀರೆಗೆ ಫಾಲ್ ಹೊಲಿದರು, ಕಣ್ಣು ಮಂಜಾದವರು ದಾರ ಕತ್ತರಿಸಿ ಬಟ್ಟೆ ಮಡಿಸಿಟ್ಟರು. ಆ ವರ್ಷ ಹಬ್ಬದ ಬಟ್ಟೆಗಳೆಲ್ಲ ಹೇಳಿದ ದಿನಕ್ಕೇ ಗಿರಾಕಿಗಳ ಕೈ ಸೇರಿದವು. ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕಷ್ಟವಿತ್ತೆಂದು ನನಗೆ ಗೊತ್ತು. ನನ್ನ ಮೇಲೆ ಕೋಪ ಮಾಡಿಕೊಳ್ಳಲು ನಿಮಗೆ ಕಾರಣವೂ ಇತ್ತು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನನ್ನನ್ನು ಕರೆದೊಯ್ದವರೂ ಈ ಅಕ್ಕಂದಿರೇ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತದೆ. ವಕೀಲರಾದ ಮೇಡಂ ನನ್ನ ಸಾಲದ ಕಾರ್ಡನ್ನು ಸಾಲುಸಾಲಾಗಿ ಓದಿದರು. ಆಮೇಲೆ ರಿಸರ್ವ್ ಬ್ಯಾಂಕಿನ 2022ರ ಮೈಕ್ರೋಫೈನಾನ್ಸ್ ನಿರ್ದೇಶನವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ ನಡೆಯಬೇಕು. ಸತತವಾಗಿ ಎರಡು ಬಾರಿಯಾದರೂ ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಹಾಗೆ ಬಂದರೂ ಮರ್ಯಾದೆ ಮೀರುವಂತಿಲ್ಲ. ‘ಸಾಲ ತೆಗೆದುಕೊಂಡಿದ್ದೀರಿ, ಕಳ್ಳತನ ಮಾಡಿಲ್ಲ. ತಲೆ ಎತ್ತಿ ಮಾತನಾಡಿ’ ಎಂದ ಅವರ ಮಾತಿಗೆ ನಾನು ಅಲ್ಲೇ ಅತ್ತುಬಿಟ್ಟೆ.

ಸಾಲ ಕೊಟ್ಟ ಸಂಸ್ಥೆಗೆ ಬರೆದ ದೂರಿನಲ್ಲಿ ಮೇಡಂ ಕರೆ ಬಂದ ದಿನ, ಹೊತ್ತು, ಆಡಿದ ಮಾತು ಎಲ್ಲವನ್ನೂ ಸೇರಿಸಿದರು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್‌ಗೆ ದೂರು ಕೊಡುವುದಾಗಿಯೂ ಬರೆದರು. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಕೂಗಾಟ ನಿಂತಿತು, ಕಂತಿನ ಮೊತ್ತ ಇಳಿಸಿ ಅವಧಿ ಹೆಚ್ಚಿಸಿದರು. ಸಾಲ ಮನ್ನಾ ಆಗಲಿಲ್ಲ, ನಾನು ಕೇಳಲೂ ಇಲ್ಲ. ದುಡಿದು ಕಟ್ಟಿದೆ.

ಕೂಲಿಯಲ್ಲಿ ಪಾಲು ತೆಗೆದಿಟ್ಟು ಯಜಮಾನರ ಔಷಧಿಗೆ ಕೊಟ್ಟ ಹಮಾಲಿ ಅಣ್ಣಂದಿರಿಗೆ, ಒಂದು ದಿನವೂ ಕೊಂಕು ಮಾತನಾಡದ ತಂಗಿಯ ಗಂಡನಿಗೆ, ಕರೆ ಬಂದಾಗಲೆಲ್ಲ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಮಗಳಿಗೆ ನಾನು ಋಣಿ.

ಆ ದೂರಿನ ನಕಲು ನನ್ನ ಬಳಿ ಇದೆ. ಇಂಥ ಕಿರುಕುಳದಲ್ಲಿರುವವರು ಯಾರೇ ಆಗಲಿ, ಸಂಕೋಚಪಡದೆ ಮನೆಗೆ ಬನ್ನಿ. ಕಾನೂನು ಸೇವೆಯ ಸಹಾಯವಾಣಿ 15100. ಒಬ್ಬರೇ ಹೋಗಲು ಅಳುಕಾದರೆ ನಾನೇ ಜೊತೆಗೆ ಬರುತ್ತೇನೆ.